ಎಡಕ್ಕೆ ಎಳೆಯುವ ಗಾಡಿ

"ಸತ್ತವರು ಸ್ಟೀರಿಂಗ್ ಹಿಡಿಯಲ್ಲ ಕಣೇ, ಇದ್ದವರು ಹಿಡೀಬೇಕು. ಹೋಗಿ ತೋರಿಸ್ಕೊಂಡು ಬಾ."

ಅತ್ತೆ ಹೀಗೆ ಗದರಿದ್ದಕ್ಕೇ ಅವಳು ಹಳೆಯ ಪಿಕಪ್ಪನ್ನು ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿದ್ದಳು. ಗಂಡ ಜ್ವರದಲ್ಲಿ ಹೋದ ಮೇಲೆ ಕನ್ನಡಿ ಅಂಗಡಿಯೂ ಅವಳದೇ, ಗಾಡಿಯೂ ಅವಳದೇ. ಗಾಡಿಯ ಹಿಂಭಾಗದಲ್ಲಿ ಹಗ್ಗ ಬಿಗಿದು ನಿಲ್ಲಿಸಿದ್ದ ಬೀರುವಿನ ಕನ್ನಡಿಯಲ್ಲಿ ಮಧ್ಯಾಹ್ನದ ಖಾಲಿ ಬೀದಿ ಕಾಣುತ್ತಿತ್ತು.

ಮೇಸ್ತ್ರಿ ಹೊರಗೆ ಬಂದ. ಬಾಯಿ ತೆರೆದರೆ ಮುತ್ತು ಉದುರಿಬಿಡುತ್ತದೇನೋ ಎಂದು ಬಿಗಿಹಿಡಿದವನ ಹಾಗೆ ಇರುತ್ತಿದ್ದ; ಓಣಿಯವರೆಲ್ಲ ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು.

"ಏನು ತೊಂದರೆ?"

"ಎಡಕ್ಕೆ ಎಳೆಯುತ್ತೆ. ತಿರುಗಿಸಿದ್ರೆ ಟಕ್ ಅನ್ನುತ್ತೆ."

"ಟೈರು ಅದಲುಬದಲು ಮಾಡಿ ನೋಡಿದ್ರಾ?"

"ಇನ್ನೊಬ್ಬ ಮೇಸ್ತ್ರಿ ಮಾಡಿದ್ರು. ಆಗಲೂ ಎಡಕ್ಕೇ. ಜಾಕ್ ಏರಿಸಿ ಅಲ್ಲಾಡಿಸಿ, ಏನೂ ಇಲ್ಲ ನಿಮ್ಮ ಭ್ರಮೆ ಅಂದ್ರು."

"ಜಾಕ್ ಬೇಡ. ಗಾಡಿ ತನ್ನ ಭಾರ ತಾನು ಹೊತ್ಕೊಂಡೇ ನಿಂತಿರ್ಲಿ. ಕೆಲವು ನೋವು ಆಗಲೇ ಬಾಯಿ ಬಿಡೋದು." ಚಾಪೆ ಹಾಸಿ ಗಾಡಿಯ ಕೆಳಗೆ ಜಾರುತ್ತಾ ಹೇಳಿದ, "ನೀವು ಮೇಲೆ ಕೂತ್ಕೊಳ್ಳಿ. ಇಂಜಿನ್ ಬೇಡ. ಸ್ಟೀರಿಂಗ್ ಸ್ವಲ್ಪ ಎಡ, ಸ್ವಲ್ಪ ಬಲ. ತೊಟ್ಟಿಲು ತೂಗೋ ಹಾಗೆ."

ಅವಳು ತೂಗಿದಳು. ಕೆಳಗೆ ಅವನು ಒಂದೊಂದೇ ಕೀಲಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ನಾಡಿ ಹಿಡಿದ ವೈದ್ಯನಂತೆ ಮಲಗಿದ್ದ.

"ನಿಮ್ಮ ಕೈ ನಡುಗ್ತಿದೆ."

"ನೀವು ಕೆಳಗಿದ್ದೀರಿ. ನಿಮಗೆ ಹೇಗೆ ಗೊತ್ತು?"

"ಇಲ್ಲಿಗೆ ಬರುತ್ತೆ."

ಅವಳು ಥಟ್ಟನೆ ಕೈ ಹಿಂತೆಗೆದಳು. ಕೆನ್ನೆ ಬಿಸಿಯಾಗಿತ್ತು. ಮತ್ತೆ ಹಿಡಿದು, ಈ ಸಲ ತುಸು ಹೆಚ್ಚೇ ಎಡಕ್ಕೆ ತಿರುಗಿಸಿದಳು.

ಟಕ್.

"ಅದು ಅವರ ಉಂಗುರ," ಎಂದಳು. ಹೇಳಬೇಕೆಂದಿರಲಿಲ್ಲ. "ಪ್ರತಿ ತಿರುವಲ್ಲೂ ಉಂಗುರದಿಂದ ಸ್ಟೀರಿಂಗಿಗೆ ತಟ್ಟೋರು. ಅವರು ಹೋದ ಮೇಲೇ ಈ ಸದ್ದು ಶುರುವಾಗಿದ್ದು. ನೀರಿನ ಟ್ಯಾಂಕಿನ ಹತ್ರ ದಾರಿ ಕವಲೊಡೆಯುತ್ತಲ್ಲ, ಅಲ್ಲಿ ಗಾಡಿ ಎಡಕ್ಕೆ, ಕೆರೆ ಕಡೆ ಜಗ್ಗುತ್ತೆ. ಸಂಜೆ ನಾವಿಬ್ರೂ ಕೂರ್ತಿದ್ದ ಜಾಗ ಅದು. ನಗಬೇಡಿ."

ಅವನು ನಗಲಿಲ್ಲ. ಹೊರಗೆ ಬಂದು, ಗಲ್ಲಕ್ಕೆ ಮೆತ್ತಿದ ಗ್ರೀಸು ಒರೆಸಿಕೊಳ್ಳದೆ, ಗಾಡಿಯ ಹಿಂದೆ ನಿಂತ. ಮುಖಕ್ಕೆ ಮುಖ ಕೊಟ್ಟು ಹೇಳಲಾಗದ್ದನ್ನು ಕನ್ನಡಿಗೆ ಹೇಳುವವನಂತೆ ಮಾತಾಡಿದ. ಗಾಡಿಯಿಂದಿಳಿದು ಬಂದ ಅವಳೂ ಆ ಕನ್ನಡಿಯಲ್ಲೇ ಅವನನ್ನು ನೋಡಿದಳು.

"ಎಡಗಡೆ ಚಕ್ರ ಹಿಡಿದಿರೋ ಕೆಳಗಿನ ಆರ್ಮ್ ಹೋಗಿದೆ. ಅದರ ರಬ್ಬರ್ ಬುಷ್ ಹರಿದು ಚಕ್ರ ಹಿಂದಕ್ಕೆ ಜರುಗಿದೆ, ಅದಕ್ಕೇ ಎಳೆತ. ತುದೀಲಿರೋ ಗುಂಡು ಕೀಲು, ಬಾಲ್ ಜಾಯಿಂಟ್, ಸವೆದಿದೆ, ಅದೇ ಟಕ್. ಅದು ಕಳಚಿತೋ, ಓಡ್ತಿರೋವಾಗಲೇ ಚಕ್ರ ಮಡಚ್ಕೊಳ್ಳುತ್ತೆ. ಒಳಗೆ ನೀವಿರ್ತೀರಿ."

"ಸರಿ ಮಾಡಿದ್ರೆ ಸದ್ದು ಹೋಗುತ್ತೆ."

"ಹೋಗುತ್ತೆ."

"ಹಾಗಾದ್ರೆ ಬೇಡ."

ಅವನು ಬೀರುವಿಗೆ ಬಿಗಿದ ಹಗ್ಗವನ್ನು ಒಮ್ಮೆ ಎಳೆದು ನೋಡಿದ. "ನಂಗೂ ಆ ಸದ್ದು ಬೇಕು. ಈ ತಿರುವಲ್ಲಿ ಟಕ್ ಅಂದಾಗೆಲ್ಲ ನೀವು ಬಂದ್ರಿ ಅಂತ ತಲೆ ಎತ್ತಿ ನೋಡ್ತಿದ್ದೆ." ಕನ್ನಡಿಯಲ್ಲಿ ಅವನ ಕಣ್ಣು ಕೆಳಗಿಳಿಯಿತು. "ಆದ್ರೂ ತೆಗೀತೀನಿ ಅಂತಿದ್ದೀನಿ."

ಮೌನಿಯ ಬಾಯಿಂದ ಇಷ್ಟು ಮಾತು! ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕೊನೆಗೆ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟಳು.

ಬಿಸಿಲು ಇಳಿಯುವಷ್ಟರಲ್ಲಿ ಹೊಸ ಆರ್ಮ್ ಕೂತಿತ್ತು, ಚಕ್ರಗಳನ್ನು ನೇರ ಮಾಡುವ ಅಲೈನ್‌ಮೆಂಟೂ ಮುಗಿದಿತ್ತು. ಬಿಚ್ಚಿದ ಹಳೆಯ ಭಾಗವನ್ನು ಗಿರಾಕಿಗೇ ಒಪ್ಪಿಸುವುದು ಗ್ಯಾರೇಜಿನ ರೂಢಿ. ಅವನು ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಗೆದ ಬಟ್ಟೆಯಲ್ಲಿ ಸುತ್ತಿ ಕೊಟ್ಟ. "ಅಲ್ಲಾಡಿಸಿ ನೋಡಿ."

ಟಕ್.

"ಎಲ್ಲೂ ಹೋಗಿಲ್ಲ. ಇಟ್ಕೊಳ್ಳಿ."

ಟೆಸ್ಟ್ ಡ್ರೈವಿಗೆ ಅವನೂ ಹತ್ತಿದ. ಬಟ್ಟೆಯ ಗಂಟು ಇಬ್ಬರ ನಡುವೆ ಸೀಟಿನ ಮೇಲಿತ್ತು. ನೀರಿನ ಟ್ಯಾಂಕಿನ ಕವಲು ಬಂತು. ಅವಳು ಸ್ಟೀರಿಂಗಿನ ಹಿಡಿತ ಸಡಿಲಿಸಿದಳು. ಗಾಡಿ ನೂಲು ಹಿಡಿದಂತೆ ನೇರ ನಡೆಯಿತು. ಎಳೆತವಿಲ್ಲ, ಸದ್ದಿಲ್ಲ. ಮನೆಯಿಂದ ಹೆಣ ಎತ್ತಿದ ಮರುಕ್ಷಣದ ನಿಶ್ಶಬ್ದ ಅದು. ಅವಳಿಗೆ ಅದರ ಗುರುತಿತ್ತು.

ಕವಲು ದಾಟುವ ಮುನ್ನ ಅವಳೇ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದಳು.

"ಇನ್ನೂ ಎಳೀತಿದೆಯಾ?" ಅವನು ಗಾಬರಿಯಾದ.

"ಇಲ್ಲ. ನಾನೇ."

ಕೆರೆಯ ದಂಡೆಯಲ್ಲಿ ಇಂಜಿನ್ ಆರಿಸಿದಳು. ನೀರು ಅಲ್ಲಾಡುತ್ತಿರಲಿಲ್ಲ. ಅವನ ಎರಡೂ ಕೈ ತೊಡೆಯ ಮೇಲಿದ್ದವು, ಅವಳವು ಸ್ಟೀರಿಂಗಿನ ಮೇಲೆ. ನಡುವೆ ಗಂಟು, ಯಾರೂ ಮುಟ್ಟದೆ.

ಟಕ್.

ಇಬ್ಬರೂ ಕೇಳಿದರು.

"ಎಲ್ಲಿಂದ ಬಂತು ಅಂತ ನೋಡಲ್ವಾ?" ಅವಳ ದನಿ ಪಿಸುಮಾತಾಗಿತ್ತು.

ಯಾವ ಸದ್ದನ್ನೂ ಬೆನ್ನಟ್ಟದೆ ಬಿಟ್ಟವನಲ್ಲ ಅವನು. ಕೆರೆಯನ್ನೇ ನೋಡುತ್ತಾ ತಲೆಯಾಡಿಸಿದ. "ಬೇಡ. ಅವರು ಇರ್ಲಿ. ನಾನೂ ಇರ್ತೀನಿ, ನೀವು ಹೂಂ ಅಂದ್ರೆ."

ಅವಳು ನಡುವಿನ ಗಂಟನ್ನು ಎರಡೂ ಕೈಯಲ್ಲಿ ಎತ್ತಿ, ಮಲಗಿದವರನ್ನು ಎಬ್ಬಿಸಬಾರದೆಂಬಂತೆ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಳು. ಖಾಲಿಯಾದ ಜಾಗದಲ್ಲಿ ಅವಳ ಕೈ ಉಳಿಯಿತು, ಅಂಗೈ ಮೇಲಾಗಿ.

"ಹೂಂ," ಎಂದಳು.