ಅಲೆಗಿಂತ ಮುಂದೆ ನಿಂತ ಗೆರೆ

೧೯೯೮ರಲ್ಲಿ ವಾಶಿಯ ಆಸ್ಪತ್ರೆಯೊಂದರಲ್ಲಿ ನನಗೆ ಕೆಲಸ ಕಲಿಸಿದವರು ಉಡುಪಿ ಕಡೆಯ ಮೋಹಿನಿಯಕ್ಕ. ಕಂಪ್ಯೂಟರಿನಲ್ಲಿ ರೋಗಿಯ ವಿಡಿಯೋ, ಅದರ ಕೆಳಗೆ ಸಾಗುವ ಮಿದುಳಿನ ಅಲೆಗಳು. ಫಿಟ್ಸ್ ಶುರುವಾದ ಕ್ಷಣಕ್ಕೆ ಕೆಂಪು ಗೆರೆ ಹಾಕಬೇಕು. "ಎಂಥ ಕನಸು ಮಾರಾಯ್ತಿ? ಅಲೆ ನಿನಗೋಸ್ಕರ ಕಾಯ್ತದಾ?" ಎಂದು ನನ್ನನ್ನು ಗೇಲಿ ಮಾಡುತ್ತಿದ್ದ ಅವರ ಗೆರೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಆ ಕುರ್ಚಿ ನನ್ನದಾಯಿತು.

ಒಂದು ಮಧ್ಯಾಹ್ನ ಊಟ ಮುಗಿಸಿ, ನಾನೇ ಹಾಕಿದ್ದ ಬೀಗ ತೆಗೆದು ಒಳಬಂದೆ. ಎಸಿಯ ಚಳಿಯಲ್ಲೂ ಕುರ್ಚಿ ಬೆಚ್ಚಗಿತ್ತು. ಪಕ್ಕದ ಕೋಣೆಯಲ್ಲಿದ್ದ ಹಮಾಲ ಮಾಪಣ್ಣನ ಅಲೆಗಳು ಶಾಂತವಾಗಿ ಸಾಗುತ್ತಿದ್ದವು. ಆದರೆ ಅವು ಇನ್ನೂ ಮುಟ್ಟದ ಖಾಲಿ ಜಾಗದಲ್ಲಿ ಒಂದು ಕೆಂಪು ಗೆರೆ ಆಗಲೇ ನಿಂತಿತ್ತು. ವಿಡಿಯೋದಲ್ಲಿ ಮಾಪಣ್ಣ ಮಂಚದಿಂದ ಇಳಿಯುತ್ತಿದ್ದ. ಯಾಕೋ ಓಡಿದೆ. ಫಿಟ್ಸ್ ಬಂದು ಕುಸಿಯುತ್ತಿದ್ದ ಅವನ ತಲೆ ನೆಲಕ್ಕೆ ಬಡಿಯುವ ಮೊದಲು ನನ್ನ ಕೈಗೆ ಸಿಕ್ಕಿತು.

"ತಲಿ ಒಡದು ಹೋಗ್ತಿತ್ತು. ನಿನಗ ಮೊದ್ಲೇ ಹ್ಯಾಂಗ್ ಗೊತ್ತಾತವ್ವಾ?" ಎಂದು ಅವನ ಹೆಂಡತಿ ಮರಗಮ್ಮ ನನ್ನ ಕೈ ಹಿಡಿದುಕೊಂಡಳು.

ಮರಳಿ ಬಂದು ನೋಡಿದೆ. ಅಲೆಗಳು ಸರಿಯಾಗಿ ಆ ಗೆರೆಯಲ್ಲೇ ಎದ್ದಿದ್ದವು, ಕೂದಲೆಳೆಯಷ್ಟೂ ತಪ್ಪದೆ. ಅದರ ಮುಂದಿನ ಖಾಲಿ ಜಾಗದಲ್ಲಿ ಇನ್ನೊಂದು ಗೆರೆ ನಿಂತಿತ್ತು.