ಉಸಿರೆಳೆಯುವಾಗ ಒಂದು ಹನಿ

"ಮತ್ತೆ ಚೆಲ್ಲಿತು. ಆ ಒಂದು ಹನಿಗೆ ನಾನೆಷ್ಟು ಒದ್ದಾಡಿದೀನಿ ಗೊತ್ತಾ?"

ಅವಳ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಲ್ಯಾಬಿನ ಇಲಿಗಳನ್ನು ಸಾಕುವ, ಎಲ್ಲರೂ ಇಲಿರಾಯ ಎಂದು ಕರೆಯುವ ಅವನು ಅದಕ್ಕೆ ಹೆದರಿದವನಲ್ಲ. ಇಲಿಯನ್ನು ಅಂಗಾತ ಹಿಡಿದೇ ನಕ್ಕ.

"ಇಲಿ ಸೀನಿತು ಮೇಡಂ. ನಿಮ್ಮ ಮುಖ ನೋಡಿ."

ಹನಿಯಲ್ಲಿದ್ದದ್ದು ಅವಳೇ ಕಟ್ಟಿದ ಪಾಲಿಮರ್, ಮದ್ದು ಹೊತ್ತೊಯ್ಯುವ ಅಣುಸರಪಳಿ. ಕೈನಡುಕದಿಂದ ಶುರುವಾಗಿ ನೆನಪನ್ನೇ ಒಯ್ಯುವ ವಂಶದ ಕಾಯಿಲೆಯೊಂದನ್ನು ತಡೆಯಲು, ಅದು ಸರಿಯಾದ ಜೀನನ್ನು ಮಡಿಲಲ್ಲಿಟ್ಟುಕೊಂಡು, ಮೂಗಿನ ಲೋಳೆಗೆ ಅಂಟದೆ ಜಾರಿ ಮಿದುಳು ಸೇರಬೇಕು. ಇಲಿ ಉಸಿರೆಳೆಯುವ ಕ್ಷಣಕ್ಕೇ ಹನಿ ಬೀಳಬೇಕು. ಅವನು ಹಿಡಿಯುತ್ತಿದ್ದ, ಅವಳು ಹಾಕುತ್ತಿದ್ದಳು. ಇಲಿಯ ಉಸಿರಿಗಾಗಿ ಕಾಯುತ್ತಾ ಇಬ್ಬರೂ ತಮ್ಮ ಉಸಿರು ಬಿಗಿಹಿಡಿಯುತ್ತಿದ್ದರು. ಅವನ ರೆಪ್ಪೆಗಳು ಆಗ ತೀರಾ ಹತ್ತಿರ. ಆ ಗಳಿಗೆಗಾಗಿಯೇ ಅವಳು ದಿನವೂ ಕೆಲಸಕ್ಕೆ ಬೇಗ ಬರುತ್ತಿದ್ದಳು.

ಮುಂದಿನ ಹನಿಗೆ ಅವಳು ಅವನ ಮುಖ ಬಿಟ್ಟು ಕೈ ನೋಡಿದಳು. ಇಲಿ ತೆಪ್ಪಗಿತ್ತು. ನಡುಗುತ್ತಿದ್ದದ್ದು ಅವನ ಬೆರಳುಗಳು.

"ಯಾವಾಗಿಂದ?"

"ಅಮ್ಮನಿಗೂ ಹೆಬ್ಬೆರಳಿಂದಲೇ ಶುರುವಾಗಿದ್ದು. ಇದೇ ಕಾಯಿಲೆ. ಪರೀಕ್ಷೆ ಮಾಡಿಸಿದೀನಿ."

"ನನ್ನ ಹನಿ ಮಿದುಳಿಗೆ ಹೋಗ್ತಿದೆ. ನೀವೇ ನೋಡಿದೀರಲ್ಲ. ಇನ್ನು ಸ್ವಲ್ಪ ಕಾದ್ರೆ..."

"ಇಲಿ ಮಿದುಳಿಗೆ. ಮನುಷ್ಯರ ಸರದಿ ಬರೋದ್ರೊಳಗೆ ನನಗೆ ನಿಮ್ಮ ಗುರುತೂ ಇರಲ್ಲ. ಮೂಗಿಗೆ ತುಪ್ಪ ಸವರಬೇಡಿ ಮೇಡಂ. ನಾನು ಇಲಿಯಾಗೇ ಹುಟ್ಟಬೇಕಿತ್ತು."

ಅವಳಿಗೆ ನಗು ಬರಲಿಲ್ಲ. ಇಲಿಯ ಮೂಗಿನಿಂದ ಮಿದುಳಿಗೆ ಕೂಗಳತೆಯ ದಾರಿ. ಮನುಷ್ಯರಲ್ಲಿ ಅದು ಇಕ್ಕಟ್ಟು, ದೂರ. ಅವನು ಹೇಳಿದ್ದು ನಿಜವೆಂದು ಅವನಿಗಿಂತ ಚೆನ್ನಾಗಿ ಅವಳಿಗೇ ಗೊತ್ತಿತ್ತು.

"ನಾಳೆಯಿಂದ ಬರಲ್ಲ," ಎಂದ. "ಅಕ್ಕನ ಮನೆಗೆ ಹೋಗ್ತೀನಿ."

"ನಾನೂ ಬರ್ತೀನಿ. ನೀವಂದ್ರೆ ನನಗೆ ಪ್ರಾಣ. ಹನಿ ಹಾಕೋ ನೆಪದಲ್ಲಿ ನಿಮ್ಮನ್ನೇ ನೋಡ್ತಿದ್ದೆ."

"ಗೊತ್ತು. ನಾನೂ ಇಲಿ ನೋಡ್ತಿರಲಿಲ್ಲ. ಆದ್ರೆ ಅಮ್ಮನ್ನ ನೋಡ್ಕೊಂಡು ಅಪ್ಪ ಸವೆದದ್ದನ್ನ ಕಣ್ಣಾರೆ ಕಂಡಿದೀನಿ. ಆ ಪಾಡು ನಿಮಗೆ ಬೇಡ. ಬನ್ನಿ, ಹಿಡಿಯೋದು ಕಲೀರಿ."

ಇಲಿಯನ್ನು ಅವಳ ಅಂಗೈಗೆ ದಾಟಿಸಿದ. "ಕತ್ತಿನ ಚರ್ಮ ಹಿಡೀರಿ. ಗಟ್ಟಿ ಬೇಡ, ಸಡಿಲಾನೂ ಬೇಡ. ಉಸಿರು ಬೆರಳಿಗೆ ಗೊತ್ತಾಗಬೇಕು."

ಅವಳು ಕಲಿತಳು. ಇಲಿಯನ್ನು ಗೂಡಿಗೆ ಬಿಟ್ಟು, ಬಾಗಿಲು ಹಾಕಿ, ಅವನ ಕೈಯನ್ನು ಹಾಗೆಯೇ ಹಿಡಿದಳು, ಗಟ್ಟಿಯಲ್ಲ, ಸಡಿಲವೂ ಅಲ್ಲ. ಅವನು ಬಿಡಿಸಿಕೊಳ್ಳಲಿಲ್ಲ. ನಡುಕವೂ ನಿಲ್ಲಲಿಲ್ಲ.