ಮೈದಾನಕ್ಕೆ ಬೆನ್ನು ಹಾಕಿದವಳು

"ಆ ಕಿತ್ತಳೆ ಶಾಲು ತೆಗೀರಿ. ಇಲ್ಲಾಂದ್ರೆ ಆಚೆ ಕಡೆ ಹೋಗಿ ಕೂತ್ಕೊಳ್ಳಿ."

ಮಿಸುಜು ಹೇಳಿದ್ದು ಮೆಲ್ಲಗೆ. ಆದರೂ ನೀಲಿ ಅಂಗಿಯವರೆಲ್ಲ ಕತ್ತು ತಿರುಗಿಸಿದರು. ಹೊಸ ಋತುವಿನ ಮೊದಲ ಪಂದ್ಯ. ಕುರೆಹಾಮಾ ಬಂದರಿನ ಕಡಲಹದ್ದುಗಳ ತಂಡದ ಅಭಿಮಾನಿಗಳ ನಡುವೆ, ಅದೂ ಮೊದಲ ಸಾಲಿನಲ್ಲಿ, ಎದುರಾಳಿಗಳ ಬಣ್ಣ ಸುತ್ತಿಕೊಂಡು ಒಬ್ಬ ಕಹಳೆ ಹಿಡಿದು ಕೂತಿದ್ದ!

ಅವನು ಕಿವಿಯವರೆಗೂ ಕೆಂಪಾಗಿ ಶಾಲನ್ನು ಚೀಲಕ್ಕೆ ತುರುಕಿದ. ಹೆಸರು ಶುನ್‌ಜಿ. ಈಚೆಗಷ್ಟೇ ಊರಿಗೆ ವರ್ಗವಾಗಿ ಬಂದವನು. ಚಳಿಗೆ ಕೈಗೆ ಸಿಕ್ಕಿದ್ದನ್ನು ಸುತ್ತಿಕೊಂಡೆ, ಬಣ್ಣ ನೋಡಲಿಲ್ಲ ಎಂದು ತಲೆಬಾಗಿದ.

"ಬಣ್ಣ ನೋಡದೋನು ಬೇಸ್‌ಬಾಲ್ ನೋಡೋಕೆ ಬಂದಿದ್ದಾನೆ," ಎಂದು ಬಾವುಟ ಹಿಡಿಯುವ ಗೊನ್‌ಜೊ ತಾತ ಗೊಣಗಿದ.

'ಪಾಪ, ಮುಖದಲ್ಲಿ ಏನನ್ನೂ ಬಚ್ಚಿಡಲು ಬರುವುದಿಲ್ಲ ಇವನಿಗೆ...' ಎಂದುಕೊಂಡ ಮಿಸುಜು ಡೋಲಿನ ಕೋಲೆತ್ತಿ, ಮೈದಾನಕ್ಕೆ ಬೆನ್ನು ಹಾಕಿ ನಿಂತಳು.

ಘೋಷ ಹಾಕಿಸುವವರು ನಿಲ್ಲುವುದೇ ಹಾಗೆ. ಜನರತ್ತ ಮುಖ, ಆಟದತ್ತ ಬೆನ್ನು. ಚೆಂಡು ಎಲ್ಲಿ ಬಿತ್ತು, ಯಾರು ಓಡಿದರು, ಒಂದೂ ಕಾಣದು. ಆ ಜಾಗ ಅವಳು ಬಯಸಿ ಪಡೆದದ್ದಲ್ಲ. ತಂಡ ಕೊನೆಯ ಸ್ಥಾನದಿಂದ ಮೇಲೇಳುವ ತನಕ ನಮ್ಮ ಮನೆಯವರೇ ಡೋಲು ಬಾರಿಸುತ್ತೇವೆ ಎಂದು ಅವಳ ತಂದೆ ಗುಡ್ಡದ ಮೇಲಿನ ದೇಗುಲದಲ್ಲಿ ಹರಕೆ ಹೊತ್ತಿದ್ದರು. ಆಮೇಲೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದರು. ಹರಕೆ ಮಗಳ ಹೆಗಲೇರಿತು.

ತಂಡ ಮಾತ್ರ ವರ್ಷ ವರ್ಷವೂ ಕೊನೆಯಲ್ಲೇ ಉಳಿಯಿತು.

ವಸಂತದಲ್ಲಿ ಪತ್ರಿಕೆಗಳು ಆರು ತಂಡಗಳ ಭವಿಷ್ಯ ಬರೆದಾಗ ಮಿಸುಜು ಅದನ್ನು ತನ್ನದೇ ತೀರ್ಪಿನಂತೆ ಓದುತ್ತಿದ್ದಳು. ಈ ಸಲವೂ ಅದೇ ಮಾತು. ಒಳ್ಳೆಯ ಎಸೆತಗಾರ ಬೇರೆ ತಂಡಕ್ಕೆ ಹೋದ, ಹೊಸಬರಿಗೆ ಇನ್ನೂ ಮೀಸೆ ಚಿಗುರಿಲ್ಲ, ಕಡಲಹದ್ದುಗಳಿಗೆ ಆರನೆಯ ಸ್ಥಾನ. ಅಂದರೆ ಇನ್ನೊಂದು ವರ್ಷ ಹೀಗೆಯೇ... ಬಿಟ್ಟು ಹೋಗಿಬಿಡಲೇ ಎನ್ನಿಸಿದಾಗಲೆಲ್ಲ, ರೇಡಿಯೋಗೆ ಕಿವಿಯಿಟ್ಟು ತನ್ನ ಡೋಲಿನ ಸದ್ದಿಗಾಗಿ ಕಾಯುವ ಅಪ್ಪ ನೆನಪಾಗುತ್ತಿದ್ದರು. ಮರುಕ್ಷಣ ಕೈ ತಾನಾಗಿ ಕೋಲೆತ್ತುತ್ತಿತ್ತು.

ಆದರೆ ಈ ಋತುವಿನಲ್ಲಿ ಅವಳಿಗೆ ಆಟ ಕಾಣತೊಡಗಿತು. ಶುನ್‌ಜಿಯ ಮುಖದಲ್ಲಿ!

ಅವನ ಹುಬ್ಬೇರಿದರೆ ಚೆಂಡು ಎತ್ತರಕ್ಕೆ ಹಾರಿದೆ. ತುಟಿ ಕಚ್ಚಿದರೆ ಯಾರೋ ಹಿಡಿದುಬಿಟ್ಟಿದ್ದಾರೆ. ಉಸಿರು ಬಿಗಿಹಿಡಿದರೆ ನಮ್ಮವನು ಓಡುತ್ತಿದ್ದಾನೆ. ಸೋಲುವ ಪಂದ್ಯಗಳೂ ಬೇಗ ಮುಗಿಯದಿರಲಿ ಎನ್ನಿಸುವಂತಾಯಿತು.

'ಏನಾಗಿದೆ ನನಗೆ...'

ಜೂನಿನ ಮಳೆ ಹಿಡಿದ ಹೊತ್ತಿಗೆ ಗೊನ್‌ಜೊ ತಾತ ಅವಳನ್ನು ಬದಿಗೆ ಕರೆದ. ಡೋಲನ್ನು ತನಗೆ ಕೊಡಿ ಎಂದು ಶುನ್‌ಜಿ ಅಭಿಮಾನಿ ಬಳಗದ ಹಿರಿಯರನ್ನು ಕೇಳಿದ್ದಾನೆ ಎಂದ.

ಬಿಡುಗಡೆ ಬೇಡಿದವಳೇ ಅವಳು. ಆದರೂ ಕಿತ್ತುಕೊಳ್ಳಲು ಬಂದವನು ಅವನೇ ಆಗಬೇಕಿತ್ತೆ? ಅಂದಿನಿಂದ ಅವನ ಮುಖ ನೋಡುವುದನ್ನೇ ಬಿಟ್ಟಳು.

ಆಟ ಮತ್ತೆ ಬೆನ್ನ ಹಿಂದೆ ಮರೆಯಾಯಿತು.

ಮುಂದಿನ ಭಾನುವಾರದ ಪಂದ್ಯದಲ್ಲಿ ಜನ ದಿಗ್ಗನೆ ಎದ್ದು ನಿಂತರು. ಓಟ ಬಂತೆಂದು ಬಗೆದ ಮಿಸುಜು ಗೆಲುವಿನ ಹಾಡಿಗೆ ಡೋಲು ಬಾರಿಸಿಯೇ ಬಿಟ್ಟಳು. ಒಬ್ಬರೂ ದನಿಗೂಡಿಸಲಿಲ್ಲ. ಗೋಡೆಯಂಚಿನಲ್ಲಿ ಎದುರಾಳಿ ಚೆಂಡನ್ನು ಹಿಡಿದಿದ್ದ. ಆಚೆ ಬದಿಯ ಕಿತ್ತಳೆ ಸಾಲುಗಳು ಚಪ್ಪಾಳೆ ತಟ್ಟಿ ನಕ್ಕವು.

ಪಂದ್ಯ ಮುಗಿದು ಎಲ್ಲರೂ ತಂತಮ್ಮ ಕಸ ಹೆಕ್ಕಿಕೊಂಡು ಹೋದರು. ಶುನ್‌ಜಿ ಮಾತ್ರ ಉಳಿದಿದ್ದ.

"ಡೋಲು ಬೇಕಿದ್ರೆ ನನ್ನನ್ನೇ ಕೇಳಬಹುದಿತ್ತಲ್ಲ?" ಕೋಲುಗಳನ್ನು ಹಿಡಿದೇ ಕೇಳಿದಳು ಮಿಸುಜು.

"ಡೋಲು ಯಾರಿಗೆ ಬೇಕು, ಮಿಸುಜು-ಸಾನ್? ನಿಮಗೆ ಆಟ ಕಾಣ್ಲಿ ಅಂತ ಕೇಳ್ದೆ."

ಉಳಿದದ್ದನ್ನು ಅವನು ತಡವರಿಸುತ್ತ ಹೇಳಿದ. ಹರಕೆ ಆ ಮನೆಯವರದು, ಹೊರಗಿನವರು ಹೊರುವಂತಿಲ್ಲ ಎಂದು ಹಿರಿಯರು ಕಳಿಸಿಬಿಟ್ಟರಂತೆ. ಅದಕ್ಕೆ ನಿನ್ನೆ ಅವಳ ತಂದೆಯ ಹಾಸಿಗೆಯ ಬಳಿ ಮಂಡಿಯೂರಿದನಂತೆ. ಮನೆಯಳಿಯನಾಗಿ ಬರುತ್ತೇನೆ, ನಿಮ್ಮ ಮನೆತನದ ಹೆಸರನ್ನೇ ಇಟ್ಟುಕೊಳ್ಳುತ್ತೇನೆ, ಆಗಲಾದರೂ ಹೊರಬಹುದೇ ಎಂದು ಕೇಳಿದನಂತೆ.

"ಅಪ್ಪ... ಏನಂದ್ರು?"

"ತುಂಬ ಹೊತ್ತು ಅತ್ತರು. ಆಮೇಲೆ ಒಂದೊಂದೇ ಅಕ್ಷರ ಕೂಡಿಸಿ, ಮೊದಲು ಅವಳನ್ನ ಕೇಳು ಅಂದ್ರು."

"ನೀವು ಕೇಳ್ಲಿಲ್ಲ."

"ನೀವು ಈ ಕಡೆ ನೋಡೋದೇ ಬಿಟ್ರಲ್ಲ."

ಅವಳು ಖಾಲಿ ಮೈದಾನದತ್ತ ತಿರುಗಿದಳು. ಕೆಲಸದವರು ಮಣ್ಣಿನ ಮೇಲೆ ಟಾರ್ಪಾಲು ಹೊದಿಸುತ್ತಿದ್ದರು. ಇಷ್ಟು ವರ್ಷ ತನ್ನ ಬೆನ್ನ ಹಿಂದೆಯೇ ಇದ್ದ ಜಾಗ ಇಷ್ಟು ಹಸಿರೇ?

"ನಮ್ಮ ತಂಡ ನಿಮಗೆ ಗೊತ್ತಿಲ್ಲ. ಮುಂದಿನ ವರ್ಷಾನೂ ಕೊನೇನೇ. ಅದರ ಮುಂದಿನ ವರ್ಷಾನೂ... ಸಿಕ್ಕಿಹಾಕ್ಕೊಂಡ್ರೆ ಬಿಡಿಸ್ಕೊಳ್ಳೋಕಾಗಲ್ಲ, ಶುನ್‌ಜಿ-ಸಾನ್. ಒಂದು ಚೆಂಡೂ ಕಾಣಲ್ಲ ನಿಮಗೆ."

"ನೀವು ಮೊದಲ ಸಾಲಲ್ಲಿ ಕೂತಿದ್ರೆ ಸಾಕು. ನನಗೆ ಎಲ್ಲಾ ಕಾಣುತ್ತೆ."

ಮಿಸುಜು ಕೋಲುಗಳನ್ನು ಡೋಲಿನ ಮೇಲಿಟ್ಟಳು. ಡೋಲಿನ ಕಟ್ಟೆಯ ಮೆಟ್ಟಿಲಿಳಿದು ಬಂದು, ಮೊದಲ ಸಾಲಿನ ಒದ್ದೆ ಬೆಂಚಿನ ಮೇಲೆ ಕೂತು, ಮುಖವೆತ್ತಿದಳು. ಕಣ್ಣು ತುಂಬಿತ್ತು.

"ಕೂತಿದ್ದೀನಿ," ಎಂದಳು. "ಈಗ ಕೇಳಿ."